ಅರಿವು ಮೂಡಿಸಿದ್ದು ಸಾಕು, ಡಾಕ್ಟರನ್ನು ಕೂರಿಸಿ

ಪ್ರತಿ ವರ್ಷ ಅಕ್ಟೋಬರ್ 10 ಬಂತೆಂದರೆ ಜಿಲ್ಲಾ ಕೇಂದ್ರಗಳಲ್ಲಿ ಒಂದು ಜಾಥಾ ಹೊರಡುತ್ತದೆ. ವಿಶ್ವ ಮಾನಸಿಕ ಆರೋಗ್ಯ ದಿನ. ನರ್ಸಿಂಗ್ ಕಾಲೇಜಿನ ಹುಡುಗಿಯರು ಫಲಕ ಹಿಡಿದು ಬಿಸಿಲಲ್ಲಿ ಸಾಲಾಗಿ ನಡೆಯುತ್ತಾರೆ. ಹಸಿರು ನಿಶಾನೆ ತೋರಿಸಿದವರು ಅಷ್ಟರಲ್ಲಿ ಕಾರು ಹತ್ತಿ ಸಭಾಂಗಣ ಸೇರಿರುತ್ತಾರೆ. ಅಲ್ಲಿ ದೀಪ, ಹೂಗುಚ್ಛ, ಶಾಲು, ಆಮೇಲೆ ಭಾಷಣ. ಭಾಷಣ ಯಾರದ್ದೇ ಇರಲಿ, ಸಾರ ಒಂದೇ: ನಮ್ಮ ಜನರಿಗೆ ಮಾನಸಿಕ ಕಾಯಿಲೆಯ ಬಗ್ಗೆ ಅರಿವಿಲ್ಲ, ಮೂಢನಂಬಿಕೆ ಬಿಟ್ಟಿಲ್ಲ, ನಾಲ್ಕು ಜನ ಏನಂದಾರು ಎಂದು ಹೆದರುತ್ತಾರೆ, ಮಂತ್ರವಾದಿಯ ಹತ್ತಿರ ಓಡುತ್ತಾರೆ, ಆಸ್ಪತ್ರೆಗೆ ಬರುವುದಿಲ್ಲ. ಮರುದಿನ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅದೇ ತಲೆಬರಹ.

ಈ ಮಾತು ಎಷ್ಟು ಸಲೀಸಾಗಿ ಚಲಾವಣೆಯಲ್ಲಿದೆ ಎಂದರೆ, ಅದನ್ನು ತಿರುಗಿಸಿ ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ. ಮಂತ್ರಿಗಳೂ ಹೇಳುತ್ತಾರೆ, ಅಧಿಕಾರಿಗಳೂ ಹೇಳುತ್ತಾರೆ, ಬೆಂಗಳೂರಿನ ಕಂಪನಿಗಳ ಎಚ್‌ಆರ್ ವಿಭಾಗದವರೂ ಹೇಳುತ್ತಾರೆ. ಪ್ರಗತಿಪರರಿಗೂ ಇದು ಪ್ರಿಯ, ಏಕೆಂದರೆ ಮೂಢನಂಬಿಕೆಯನ್ನು ಬೈದ ಪುಣ್ಯವೂ ಜೊತೆಗೆ ಸಿಗುತ್ತದೆ. ಸರ್ಕಾರಕ್ಕಂತೂ ಇದಕ್ಕಿಂತ ಅಗ್ಗದ ಮಾತು ಬೇರೊಂದಿಲ್ಲ. ಅರಿವಿಲ್ಲದಿದ್ದರೆ ಅದು ಜನರ ತಪ್ಪು. ಡಾಕ್ಟರಿಲ್ಲದಿದ್ದರೆ ಸರ್ಕಾರದ ತಪ್ಪು. ಮೊದಲನೆಯದನ್ನು ಮೈಕಿನಲ್ಲಿ ಕೂಗಿದಷ್ಟೂ ಎರಡನೆಯದು ಕೇಳಿಸದೆ ಹೋಗುತ್ತದೆ. ಜಾಥಾಕ್ಕೆ ಒಂದು ದಿನದ ಬ್ಯಾನರು, ಒಂದು ದಿನದ ತಿಂಡಿ ಪೊಟ್ಟಣ ಸಾಕು. ಮನೋವೈದ್ಯರ ಹುದ್ದೆ ತುಂಬಿದರೆ ತಿಂಗಳು ತಿಂಗಳು ಸಂಬಳ ಕೊಡಬೇಕು.

ಮೊದಲು ಈ ಅರಿವಿನ ಲೆಕ್ಕವನ್ನೇ ನೋಡೋಣ. ಪುಟ್ಟಣ್ಣ ಕಣಗಾಲರ ‘ಶರಪಂಜರ’ ತೆರೆಗೆ ಬಂದದ್ದು 1971ರಲ್ಲಿ. ತ್ರಿವೇಣಿಯವರ ಕಾದಂಬರಿ ಅದಕ್ಕೂ ಹಿಂದಿನದು. ಆಸ್ಪತ್ರೆಯಲ್ಲಿ ಗುಣವಾಗಿ ಮನೆಗೆ ಮರಳಿದ ಹೆಣ್ಣನ್ನು ಸುತ್ತಲಿನವರ ಅನುಮಾನದ ಕಣ್ಣೇ ಮತ್ತೆ ಹೇಗೆ ಕೆಡವುತ್ತದೆ ಎಂಬುದನ್ನು ಟೂರಿಂಗ್ ಟಾಕೀಸಿನಲ್ಲಿ ಕೂತು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡವರು ಇವತ್ತು ಅಜ್ಜಿಯರಾಗಿದ್ದಾರೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ದಶಕಗಳ ಕಾಲ ಪತ್ರಿಕೆಗಳಲ್ಲಿ, ಕೈಗೆಟಕುವ ಬೆಲೆಯ ಪುಸ್ತಕಗಳಲ್ಲಿ ಖಿನ್ನತೆ, ಆತಂಕ, ಸ್ಕಿಜೋಫ್ರೇನಿಯಾಗಳನ್ನು ಕನ್ನಡದ ಮನೆಮನೆಗೆ ತಿಳಿಯುವಂತೆ ಬರೆದರು. ಅರ್ಧ ಶತಮಾನ ಅರಿವು ಮೂಡಿಸಿದ ಮೇಲೂ ಅರಿವಿಲ್ಲ ಎನ್ನುವವರಿಗೆ ಕೇಳಬೇಕಾದ ಪ್ರಶ್ನೆ ಇದು: ಇನ್ನೆಷ್ಟು ಅರಿವು ಮೂಡಿದರೆ ನೀವು ತಾಲ್ಲೂಕಿಗೊಬ್ಬ ಡಾಕ್ಟರನ್ನು ಕೊಡುತ್ತೀರಿ?

ಜನ ಆಸ್ಪತ್ರೆಗೆ ಬರುವುದಿಲ್ಲ ಎಂಬುದಕ್ಕೆ ಆಧಾರವೇನು? ಆಧಾರ ಹುಡುಕಹೊರಟರೆ ಸಿಗುವುದೆಲ್ಲ ಅದಕ್ಕೆ ವಿರುದ್ಧವಾದದ್ದೇ, ಅದೂ ನಮ್ಮದೇ ನೆಲದಲ್ಲಿ. ಕರಾವಳಿಯ ಕೋಟದಲ್ಲಿ ಜಿ. ಎಂ. ಕಾರ್ಸ್ಟೇರ್ಸ್ ಮತ್ತು ಆರ್. ಎಲ್. ಕಪೂರ್ ಎಂಬ ಮನೋವೈದ್ಯರು ಊರಿನವರ ಮಾನಸಿಕ ಆರೋಗ್ಯವನ್ನು ಅಧ್ಯಯನ ಮಾಡಿ 1976ರಲ್ಲಿ ಪುಸ್ತಕ ತಂದರು. ಅಲ್ಲಿನ ಜನ ಮಂತ್ರವಾದಿಯ ಹತ್ತಿರವೂ ಹೋಗುತ್ತಿದ್ದರು, ಇಂಗ್ಲಿಷ್ ಔಷಧಿಯ ಡಾಕ್ಟರ ಹತ್ತಿರವೂ ಹೋಗುತ್ತಿದ್ದರು. ಎರಡರ ನಡುವೆ ಜಗಳ ಕಂಡವರು ಓದಿದವರೇ ಹೊರತು ಹಳ್ಳಿಯವರಲ್ಲ. ತಾಯಿತ ಕಟ್ಟಿಸಿಕೊಂಡ ತೋಳಿಗೇ ಇಂಜೆಕ್ಷನ್ ಹಾಕಿಸಿಕೊಳ್ಳಲು ನಮ್ಮವರಿಗೆ ಯಾವತ್ತೂ ಅಡ್ಡಿಯಿರಲಿಲ್ಲ.

ಆಮೇಲೆ ಬಳ್ಳಾರಿ. 1980ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಆ ಜಿಲ್ಲೆಯಲ್ಲಿ ಒಂದು ಸರಳ ಕೆಲಸ ಮಾಡಿ ತೋರಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೂ ಆರೋಗ್ಯ ಕಾರ್ಯಕರ್ತರಿಗೂ ಒಂದಿಷ್ಟು ತರಬೇತಿ, ಕೇಂದ್ರದಲ್ಲೇ ಅಗತ್ಯದ ನಾಲ್ಕಾರು ಔಷಧಿ, ಒಂದು ದಾಖಲೆ ಪುಸ್ತಕ, ಬೆನ್ನಿಗೆ ಜಿಲ್ಲೆಯಲ್ಲೊಬ್ಬ ಮನೋವೈದ್ಯ. ಅಷ್ಟೇ. ಜನ ಬಂದರು. ಆ ಪ್ರಯೋಗ ಇಡೀ ದೇಶಕ್ಕೆ ಮಾದರಿಯಾಯಿತು. 1996ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ತಾಯಿಬೇರು. ಈ ಶತಮಾನದ ಮೊದಲ ದಶಕದಲ್ಲಿ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಆಮೇಲೆ ತುರುವೇಕೆರೆ, ಜಗಳೂರುಗಳಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿಗಳಲ್ಲೇ ಗುರುತಿಸಿ ಅಲ್ಲೇ ಚಿಕಿತ್ಸೆ ಕೊಡುವ ಕೆಲಸ ನಡೆಯಿತು. ವರ್ಷಗಟ್ಟಲೆ ಗುಳಿಗೆ ಕಾಣದೆ ಮೂಲೆ ಹಿಡಿದು ಕೂತವರೂ ಔಷಧಿ ತೆಗೆದುಕೊಂಡರು, ಸುಧಾರಿಸಿದರು. ಈ ಮೂರೂ ತಾಲ್ಲೂಕುಗಳಲ್ಲಿ ದೇವಸ್ಥಾನ, ದರ್ಗಾ, ಭೂತದ ಗುಡಿ, ಮಂತ್ರವಾದಿ ಯಾವುದಕ್ಕೂ ಕೊರತೆಯಿಲ್ಲ. ಆದರೂ ಡಾಕ್ಟರು ಹತ್ತಿರ ಬಂದಾಗ ಜನ ಡಾಕ್ಟರ ಹತ್ತಿರ ಬಂದರು. ಇಷ್ಟು ಗೊತ್ತಿದ್ದೂ ಅರಿವಿನ ಕೊರತೆ ಎನ್ನುವುದು, ಹೋಟೆಲಿಗೆ ಬೀಗ ಹಾಕಿ ಈ ಊರಿನವರಿಗೆ ಹಸಿವೇ ಆಗುವುದಿಲ್ಲ ಎಂದಂತೆ.

ಇನ್ನು ಅಂಕಿಗಳು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ಸಮಸ್ಯೆಯಿದೆ. ಕಾಯಿಲೆಗೆ ತಕ್ಕಂತೆ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ಸಿಕ್ಕಿಲ್ಲ. (12 ರಾಜ್ಯಗಳಲ್ಲಿ ನಡೆದ ಆ ಸಮೀಕ್ಷೆಯಲ್ಲಿ ಕರ್ನಾಟಕ ಇರಲಿಲ್ಲ. ಅಳೆಯುವವರು ನಮ್ಮೂರಿನವರು, ಅಳತೆಗೆ ಸಿಕ್ಕವರು ಬೇರೆಯವರು.) ಭಾಷಣಗಳಲ್ಲಿ ಈ ಅಂಕಿಯನ್ನು ಹೇಗೆ ಬಳಸುತ್ತಾರೆ ಗಮನಿಸಿ. ‘ನೋಡಿ, ಶೇಕಡಾ 80 ಜನ ಚಿಕಿತ್ಸೆಗೆ ಬರುವುದೇ ಇಲ್ಲ!’ ಬರುವುದಿಲ್ಲ ಎಂದು ಸಮೀಕ್ಷೆ ಹೇಳಿತೇ? ಸಿಕ್ಕಿಲ್ಲ ಎಂದಿತು. ಚಿಕಿತ್ಸೆ ಎಲ್ಲಿಂದ ಸಿಗಬೇಕು? ದೇಶದಲ್ಲಿ ಒಂದು ಲಕ್ಷ ಜನಕ್ಕೆ ಮನೋವೈದ್ಯರು 0.75. ಪೂರ್ತಿ ಒಬ್ಬರೂ ಇಲ್ಲ. ಇರಬೇಕಾದದ್ದು ಲಕ್ಷಕ್ಕೆ ಕನಿಷ್ಠ 3 ಎನ್ನುತ್ತಾರೆ. 2011ರ ಜನಗಣತಿಯ 6.1 ಕೋಟಿಯ ಲೆಕ್ಕ ಹಿಡಿದರೂ ಕರ್ನಾಟಕಕ್ಕೆ 1,800ಕ್ಕೂ ಹೆಚ್ಚು ಮನೋವೈದ್ಯರು ಬೇಕು. ಇರುವವರಲ್ಲೂ ಹೆಚ್ಚಿನವರು ಬೆಂಗಳೂರು, ಮಂಗಳೂರು, ಮೈಸೂರು, ಹುಬ್ಬಳ್ಳಿ–ಧಾರವಾಡಗಳಲ್ಲಿ. ಯಾದಗಿರಿಯ ಹಳ್ಳಿಯ ಹೆಂಗಸಿಗೆ ಲಕ್ಷಕ್ಕೆ ಮುಕ್ಕಾಲು ಎಂಬ ಈ ಸರಾಸರಿಯೂ ದೂರದ ವೈಭೋಗ.

ನಮ್ಮಲ್ಲಿ ತಾಲ್ಲೂಕಿಗೂ ಸೇವೆ ಇದೆಯಲ್ಲ, ಮನೋಚೈತನ್ಯ ಇದೆಯಲ್ಲ ಎನ್ನುತ್ತಾರೆ. ಇದೆ. 2014ರಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡಬೇಕು. ಬೇರೆ ರಾಜ್ಯಗಳಲ್ಲಿ ಇಷ್ಟೂ ಇಲ್ಲ ಎಂದು ನಮ್ಮವರು ಎದೆ ತಟ್ಟಿಕೊಳ್ಳುವುದುಂಟು. ಹಾಗಾದರೆ ಆ ಮಂಗಳವಾರದ ಲೆಕ್ಕ ಹಾಕೋಣ. ಎರಡು ಲಕ್ಷ ಜನಸಂಖ್ಯೆಯ ತಾಲ್ಲೂಕು. ವಯಸ್ಕರು ಸುಮಾರು 1.3 ಲಕ್ಷ. ಅದೇ ಸಮೀಕ್ಷೆಯ ಪ್ರಕಾರ ತೀವ್ರ ಸ್ವರೂಪದ ಕಾಯಿಲೆ ಈಗ ಇರುವವರು ಶೇ 0.8. ಅಂದರೆ ಸಾವಿರಕ್ಕೂ ಹೆಚ್ಚು ಮಂದಿ. ಇವರು ತಿಂಗಳಿಗೊಮ್ಮೆ ಬಂದರೂ ಒಂದು ಮಂಗಳವಾರಕ್ಕೆ 260 ಜನ. ಡಾಕ್ಟರು ಊಟಕ್ಕೂ ಏಳದೆ ಐದು ಗಂಟೆ ಕೂತರೆ 300 ನಿಮಿಷ. ತಲೆಗೆ ಒಂದು ನಿಮಿಷ ಚಿಲ್ಲರೆ. ಖಿನ್ನತೆಯವರು, ಕುಡಿತ ಬಿಡಲು ಬಂದವರು, ಫಿಟ್ಸ್ ಎಂದು ಬಂದವರು, ಪರೀಕ್ಷೆ ಭಯದ ಹುಡುಗರು ಇವರನ್ನೆಲ್ಲ ಈ ಲೆಕ್ಕಕ್ಕೆ ಸೇರಿಸಿಯೇ ಇಲ್ಲ. ಅಷ್ಟರಲ್ಲಿ ಹೆಸರು ಕೇಳಿ ಚೀಟಿ ಬರೆಯುವುದರೊಳಗೆ ಮುಗಿಯಿತು. ‘ಮನಬಿಚ್ಚಿ ಮಾತಾಡಿ’ ಎಂದು ಗೋಡೆಯ ಮೇಲೆ ಬರೆಸುತ್ತೀರಲ್ಲ, ಮನಸ್ಸು ಬಿಚ್ಚಲು ಎಷ್ಟು ಸೆಕೆಂಡ್ ಕೊಟ್ಟಿದ್ದೀರಿ?

ಅದೂ ಡಾಕ್ಟರು ಬಂದರೆ. ಬಯಲುಸೀಮೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಇಂಥದೊಂದು ಮಂಗಳವಾರ ಕಂಡದ್ದನ್ನು ಹೇಳುತ್ತೇನೆ. ಎಕ್ಸ್‌ರೇ ಕೋಣೆ ದಾಟಿ, ಮುರಿದ ಸ್ಟ್ರೆಚರುಗಳನ್ನು ಪೇರಿಸಿಟ್ಟ ಮೂಲೆಯ ಪಕ್ಕ, ಕಾರಿಡಾರಿನ ಕೊನೆಯಲ್ಲಿ ಆ ಕೋಣೆ. ಬಾಗಿಲಿಗೆ ಚಿಲಕ. ಬೆಂಚಿನ ಮೇಲೆ, ಬೆಂಚು ಸಾಲದವರು ನೆಲದ ಮೇಲೆ, ಹನ್ನೆರಡು ಹದಿನೈದು ಜನ. ಹನ್ನೊಂದು ಗಂಟೆ ದಾಟಿತ್ತು. ಇಪ್ಪತ್ತೈದರ ಆಸುಪಾಸಿನ ಮಗನನ್ನು ಕರೆತಂದಿದ್ದ ಒಬ್ಬ ತಾಯಿ ಎದ್ದು ಹೋಗಿ ಆಸ್ಪತ್ರೆಯ ಸಿಬ್ಬಂದಿಯೊಬ್ಬರನ್ನು ಕೇಳಿದಳು.

‘ಡಾಕ್ಟ್ರು ಮೀಟಿಂಗಿಗೆ ಹೋಗವ್ರೆ ಕಣಮ್ಮ. ಮುಂದಿನ ಮಂಗಳವಾರ ಬಾ.’

‘ಹೋದ ಮಂಗಳವಾರನೂ ಅಂಗೇ ಅಂದ್ರಲ್ಲಣ್ಣ. ಗುಳಿಗೆ ಮುಗ್ದು ನಾಕ್ ದಿನ ಆಯ್ತು. ರಾತ್ರಿ ನಿದ್ದೆ ಮಾಡಾಕಿಲ್ಲ, ಒಬ್ನೇ ಮಾತಾಡ್ಕಂಡ್ ಓಡಾಡ್ತಾನೆ. ಗುಳಿಗೆನಾದ್ರೂ ಕೊಡ್ಸಿ.’

ಔಷಧಿ ಕಿಟಕಿಯಲ್ಲಿ ಅವಳ ಹಳೇ ಚೀಟಿಯನ್ನು ನೋಡಿ ವಾಪಸ್ ಕೊಟ್ಟರು. ಎರಡರಲ್ಲಿ ಒಂದು ಸ್ಟಾಕಿಲ್ಲ, ಹೊರಗಡೆ ತಗೊಳ್ಳಿ. ಇನ್ನೊಂದಕ್ಕೆ ಡಾಕ್ಟ್ರು ಹೊಸದಾಗಿ ಬರೆಯಬೇಕು. ಬೆಳಿಗ್ಗೆ ಯಾವುದು, ರಾತ್ರಿ ಯಾವುದು, ಎಷ್ಟು ದಿನ ತಪ್ಪಿದರೆ ಮಗನ ಕಿವಿಯಲ್ಲಿ ಮಾತು ಶುರುವಾಗುತ್ತದೆ ಎಲ್ಲವೂ ಆ ತಾಯಿಗೆ ಬಾಯಿಪಾಠವಾಗಿತ್ತು. ಗುಳಿಗೆಯ ಬಣ್ಣ ಹೇಳಿದಳು, ಆಕಾರ ಹೇಳಿದಳು. ಅವತ್ತಿನ ಕೂಲಿ ಬಿಟ್ಟು ಬಂದಿದ್ದಳು.

ಈಕೆಗೆ ಯಾವ ಅರಿವು ಮೂಡಿಸುತ್ತೀರಿ, ಸ್ವಾಮಿ?

ಮತ್ತೆ ಡಾಕ್ಟರನ್ನು ದೂರುವುದೂ ಸುಲಭ, ಅದನ್ನೂ ನಾನು ಒಪ್ಪುವುದಿಲ್ಲ. ಜಿಲ್ಲೆಗೆ ಬೆರಳೆಣಿಕೆಯ ಮನೋವೈದ್ಯರು. ಅವರೇ ಹೊರರೋಗಿ ವಿಭಾಗ ನೋಡಬೇಕು, ಅವರೇ ಅಂಗವಿಕಲರ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು, ಜೈಲಿಗೆ ಹೋಗಬೇಕು, ಕೋರ್ಟಿಗೆ ಸಾಕ್ಷಿ ಹೇಳಬೇಕು, ವಿಡಿಯೊ ಕಾನ್ಫರೆನ್ಸಿನಲ್ಲಿ ಪ್ರಗತಿ ವರದಿ ಒಪ್ಪಿಸಬೇಕು. ಅಕ್ಟೋಬರ್ ಬಂದರೆ ಅರಿವಿನ ಭಾಷಣಕ್ಕೂ ಅವರೇ ಬೇಕು! ಆಪ್ತಸಮಾಲೋಚಕರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು ಬಹುಪಾಲು ಗುತ್ತಿಗೆಯವರು. ವರ್ಷ ವರ್ಷ ನವೀಕರಣ, ಸಂಬಳ ಬಂದಾಗ ಬಂತು. ಮೂರು ವರ್ಷ ಕೆಲಸ ಮಾಡಿ ಹಳ್ಳಿ ಹಳ್ಳಿಯ ರೋಗಿಗಳ ಮುಖ ಪರಿಚಯವಾಗುವ ಹೊತ್ತಿಗೆ ಒಳ್ಳೆಯ ಕೆಲಸ ಸಿಕ್ಕಿ ಹೊರಟುಹೋಗುತ್ತಾರೆ. ಮನಸ್ಸಿನ ಚಿಕಿತ್ಸೆ ನಿಂತಿರುವುದೇ ಪರಿಚಯದ ಮೇಲೆ, ನಂಬಿಕೆಯ ಮೇಲೆ. ಒಂದು ವರ್ಷದ ಗುತ್ತಿಗೆಯ ನಂಬಿಕೆಯನ್ನು ಯಾರು ನಂಬುತ್ತಾರೆ?

ಕಾಯುವಿಕೆಯ ವಿಷಯದಲ್ಲಿ ನಮ್ಮ ಆಡಳಿತದ ಜಾಣತನ ಇನ್ನೊಂದು ಬಗೆಯದು. ಇಂಗ್ಲೆಂಡಿನಲ್ಲಿ ಮೊದಲ ಸಲ ಸೈಕೋಸಿಸ್ ಕಾಣಿಸಿಕೊಂಡವರಿಗೆ ಎರಡು ವಾರದೊಳಗೆ ಚಿಕಿತ್ಸೆ ಶುರುವಾಗಬೇಕು, ಕನಿಷ್ಠ ಶೇ 50 ಮಂದಿಗಾದರೂ, ಎಂಬ ಗುರಿಯನ್ನು 2016ರಲ್ಲಿ ಜಾರಿಗೆ ತಂದರು. ಅಲ್ಲೂ ಜನ ಕಾಯುತ್ತಾರೆ, ಪಟ್ಟಿ ಉದ್ದವಾದಾಗ ಪತ್ರಿಕೆಗಳು ಸರ್ಕಾರದ ಮಾನ ಹರಾಜು ಹಾಕುತ್ತವೆ. ಇಲ್ಲಿ ಪಟ್ಟಿಯೇ ಇಲ್ಲ! ಮಂಗಳವಾರ ಬಂದು ಡಾಕ್ಟರಿಲ್ಲದೆ ವಾಪಸಾದವರ ಹೆಸರು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಗುಳಿಗೆಯಿಲ್ಲದೆ ಹಿಂದಿರುಗಿದವರನ್ನು ಯಾರೂ ಎಣಿಸುವುದಿಲ್ಲ. ಎಣಿಸದಿದ್ದರೆ ಕಾಯುವವರೇ ಇಲ್ಲ, ಕಾಯುವವರಿಲ್ಲದಿದ್ದರೆ ಕೊರತೆಯೂ ಇಲ್ಲ. ಕೊನೆಗೆ ರೋಗಿ ಬರುವುದನ್ನು ನಿಲ್ಲಿಸಿದಾಗ ಮಾತ್ರ ಅವನಿಗೊಂದು ಹೆಸರು ಸಿಗುತ್ತದೆ: ‘ಫಾಲೋ ಅಪ್‌ಗೆ ಬರದವರು’. ಅದರ ಕಾರಣದ ಕಾಲಂನಲ್ಲಿ ಏನಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಅರಿವಿನ ಕೊರತೆ.

ತಾಲ್ಲೂಕಿನಲ್ಲಿ ಸಿಗದಿದ್ದರೆ ಜಿಲ್ಲೆಗೆ, ಜಿಲ್ಲೆಯಲ್ಲಿ ಸಿಗದಿದ್ದರೆ ಬೆಂಗಳೂರಿಗೆ. ನಿಮ್ಹಾನ್ಸ್‌ನಂಥ ಸಂಸ್ಥೆ ನಮ್ಮಲ್ಲಿದೆ ಎಂಬ ಹೆಮ್ಮೆ ನಮಗೆ. 1974ರಲ್ಲಿ ಹುಟ್ಟಿದ ಆ ಸಂಸ್ಥೆಯ ಕೆಲಸ ಕಷ್ಟದ ಕಾಯಿಲೆಗಳನ್ನು ನೋಡುವುದು, ಸಂಶೋಧಿಸುವುದು, ಡಾಕ್ಟರುಗಳನ್ನು ತಯಾರು ಮಾಡುವುದು. ಆಂಧ್ರದಿಂದ, ತಮಿಳುನಾಡಿನಿಂದ, ಬಂಗಾಳದಿಂದ ಬಂದವರ ಸಾಲಿನಲ್ಲೇ, ಊರಿನ ಆಸ್ಪತ್ರೆಯಲ್ಲೇ ಸಿಗಬೇಕಾದ ಗುಳಿಗೆಯನ್ನು ಬರೆಸಿಕೊಳ್ಳಲು ನಮ್ಮ ಜಿಲ್ಲೆಗಳವರೂ ರಾತ್ರಿ ಬಸ್ಸು ಹತ್ತಿ ಬಂದು ನಿಲ್ಲುತ್ತಾರೆ. ಆ ಸಾಲು ನಿಮ್ಹಾನ್ಸಿನ ಕೀರ್ತಿಯ ಗುರುತು ಎಂದು ಬೀಗುವವರಿದ್ದಾರೆ. ಜಿಲ್ಲೆಗಳ ಸೋಲು ಅಲ್ಲಿ ಬಂದು ನಿಂತಿದೆ ಎಂದು ಕಾಣುವವರು ಕಡಿಮೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತವಾಯಿತು, ಒಳ್ಳೆಯದೇ. ತಾಯಿಗೆ ಟಿಕೆಟ್ ಇಲ್ಲ. ಮಗನಿಗಿದೆ. ಇಬ್ಬರ ಎರಡು ದಿನದ ಕೂಲಿಯನ್ನು ಯಾವ ಯೋಜನೆಯೂ ತುಂಬಿಕೊಡುವುದಿಲ್ಲ.

ಔಷಧಿಯ ವಿಷಯಕ್ಕೆ ಬಂದರೆ ನನಗೆ ತಾಳ್ಮೆ ಉಳಿಯುವುದಿಲ್ಲ. ರಿಸ್ಪೆರಿಡೋನ್, ಓಲಾಂಜಪೈನ್, ಲಿಥಿಯಂ, ಸೋಡಿಯಂ ವಾಲ್ಪ್ರೊಯೇಟ್ ಇವು ನಿನ್ನೆ ಮೊನ್ನೆ ಕಂಡುಹಿಡಿದ ದುಬಾರಿ ವಸ್ತುಗಳಲ್ಲ. ಹಲವು ಕಂಪನಿಗಳು ತಯಾರಿಸುವ, ಸಗಟಿನಲ್ಲಿ ಅಗ್ಗಕ್ಕೆ ಸಿಗುವ ಹಳೆಯ ಔಷಧಿಗಳು. ಫ್ಲೂಫೆನಜೈನ್ ಇಂಜೆಕ್ಷನ್ನನ್ನು ಎರಡರಿಂದ ನಾಲ್ಕು ವಾರಕ್ಕೊಮ್ಮೆ ಹಾಕಿದರೆ ದಿನಾ ಗುಳಿಗೆ ನುಂಗದವರನ್ನೂ ಹತೋಟಿಯಲ್ಲಿಡಬಹುದು, ಹಾಕಲು ಒಬ್ಬ ನರ್ಸ್ ಸಾಕು. ಬೇರೆ ಯಾವುದಕ್ಕೂ ಬಗ್ಗದ ಕಾಯಿಲೆಗೆ ಕ್ಲೋಜಪೈನ್ ಕೊಡುತ್ತಾರೆ. ಅದನ್ನು ಶುರು ಮಾಡಿದ ಮೊದಲ 18 ವಾರ, ವಾರವಾರವೂ ರಕ್ತದ ಬಿಳಿ ಕಣ ಎಣಿಸಬೇಕು. ಡೆಂಗಿ ಬಂದಾಗ ತಾಲ್ಲೂಕಿನ ಲ್ಯಾಬಿನಲ್ಲಿ ನೂರಾರು ಜನರಿಗೆ ರಕ್ತಕಣ ಎಣಿಸುವವರಿಗೆ ಇದು ಆಗದ ಕೆಲಸವೇ? ಆದರೂ ರೋಗಿಯನ್ನು ಊರಿಂದೂರಿಗೆ ಅಲೆಸುತ್ತಾರೆ. ಬಿಪಿ, ಶುಗರಿನ ಗುಳಿಗೆ ತಿಂಗಳುಗಟ್ಟಲೆ ಇಲ್ಲದಿದ್ದರೆ ಊರಿನ ಮುಖಂಡರು ಆಸ್ಪತ್ರೆಗೆ ಮುತ್ತಿಗೆ ಹಾಕುತ್ತಾರೆ. ಏಕೆಂದರೆ ಬಿಪಿ, ಶುಗರ್ ಮುಖಂಡರಿಗೂ ಇರುತ್ತದೆ. ಮಾನಸಿಕ ರೋಗಿಯ ಗುಳಿಗೆಗೆ ಯಾರು ಧರಣಿ ಕೂರಬೇಕು? ಅವನು ಕೂತರೆ ‘ನೋಡಿ, ತಲೆ ಕೆಟ್ಟಿದೆ’ ಎನ್ನುತ್ತೀರಿ.

ಇನ್ನು ಮೂಢನಂಬಿಕೆ. ಕಲಬುರಗಿ ಜಿಲ್ಲೆಯ ಗಾಣಗಾಪುರಕ್ಕೆ ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ದೆವ್ವ ಹಿಡಿದವರೆಂದು ಎಷ್ಟೋ ಕುಟುಂಬಗಳು ತಮ್ಮವರನ್ನು ಕರೆತರುತ್ತವೆ. ಅದರ ಚಿತ್ರ ತೆಗೆದು ಜಾಲತಾಣಕ್ಕೆ ಹಾಕಿ ‘21ನೇ ಶತಮಾನದಲ್ಲೂ’ ಎಂದು ಲೊಚಗುಟ್ಟುವವರಿಗೆ ನನ್ನದೊಂದು ಪ್ರಶ್ನೆ. ದೇವಸ್ಥಾನದ ಬಾಗಿಲು ದಿನಾ ತೆಗೆಯುತ್ತದೆ. ಉಳಿಯಲು ಛತ್ರವಿದೆ, ಊಟವಿದೆ. ‘ಯಾಕೆ ಬಂದಿರಿ, ಚೀಟಿ ಎಲ್ಲಿ, ಆಧಾರ್ ಎಲ್ಲಿ’ ಎಂದು ಯಾರೂ ಗದರಿಸುವುದಿಲ್ಲ. ಮಂತ್ರವಾದಿ ಅರ್ಧ ಗಂಟೆ ಕೂತು ಮಾತಾಡುತ್ತಾನೆ. ಅತ್ತೆಯ ಕಾಟ, ಹೊಲದ ವ್ಯಾಜ್ಯ, ಸತ್ತ ಮಗು ಎಲ್ಲವನ್ನೂ ಕೇಳುತ್ತಾನೆ. ಅವನು ಕೊಡುವ ಪರಿಹಾರ ಸುಳ್ಳು, ಹಲವು ಸಲ ಕ್ರೂರ, ಅದರಲ್ಲಿ ಎರಡು ಮಾತಿಲ್ಲ. ಅಮಾನವೀಯ ಆಚರಣೆಗಳ ವಿರುದ್ಧ ನಮ್ಮ ರಾಜ್ಯ 2017ರಲ್ಲಿ ಕಾಯ್ದೆಯನ್ನೂ ಮಾಡಿ 2020ರಲ್ಲಿ ಜಾರಿಗೆ ತಂದಿತು. ಹೊಡೆಯುವ, ಸರಪಳಿ ಹಾಕುವ ಮಂತ್ರವಾದಿಯನ್ನು ಹಿಡಿದು ಒಳಗೆ ಹಾಕಿ, ಬೇಡವೆಂದವರಾರು? ಆದರೆ ಅವನನ್ನು ಒಳಗೆ ಹಾಕಿದ ಮಾರನೆಯ ದಿನ ಆ ಕುಟುಂಬ ಎಲ್ಲಿಗೆ ಹೋಗಬೇಕು ಎಂಬುದನ್ನು ಕಾಯ್ದೆ ಮಾಡಿದವರು ಹೇಳಬೇಕು. ಮುಂದಿನ ಮಂಗಳವಾರಕ್ಕೋ?

2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯ ದರ್ಗಾದ ಬಳಿಯ ಗುಡಿಸಲಲ್ಲಿ ಸರಪಳಿಯಲ್ಲಿ ಬಿಗಿದಿದ್ದ 28 ಜನ ಬೆಂಕಿಯಲ್ಲಿ ಸುಟ್ಟುಹೋದರು. ಆಗಲೂ ದೇಶ ಮೂಢನಂಬಿಕೆಯನ್ನು ಬೈದು ಸುಮ್ಮನಾಯಿತು. ಆ 28 ಜನರ ಮನೆಯವರು ಅಲ್ಲಿಗೆ ಬರುವ ಮೊದಲು ಯಾವ ಯಾವ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಎದ್ದು ಬಂದಿದ್ದರು ಎಂದು ಕೇಳಿದವರೆಷ್ಟು ಜನ?

ಕಳಂಕವೆನ್ನುವುದು ಸುಳ್ಳೇ ಎಂದು ಕೇಳುತ್ತೀರಿ. ಸುಳ್ಳಲ್ಲ. ಆದರೆ ಅದನ್ನು ಬೆಳೆಸಿದವರು ಯಾರು? ಚಿಕಿತ್ಸೆ ಸಿಕ್ಕಿ ಗುಣಮುಖರಾಗಿ ಅಂಗಡಿ ನಡೆಸುವವರು, ಗದ್ದೆಗೆ ಹೋಗುವವರು, ಮದುವೆಯಾಗಿ ಮಕ್ಕಳನ್ನು ಸಾಕುವವರು ಊರಿಗೆ ನಾಲ್ಕು ಜನ ಕಣ್ಣಿಗೆ ಬಿದ್ದರೆ ಕಳಂಕ ತಾನಾಗಿ ಸಡಿಲವಾಗುತ್ತದೆ. ಊರಿನವರು ನೋಡುವುದು ಚಿಕಿತ್ಸೆ ಸಿಗದೆ ಬಸ್ ಸ್ಟ್ಯಾಂಡಿನಲ್ಲಿ ತಿರುಗುವವರನ್ನು, ಹಿತ್ತಲ ಕೋಣೆಯಲ್ಲಿ ಕೂಡಿಟ್ಟವರನ್ನು. ಅವರನ್ನು ನೋಡಿ ಹೆದರುವುದು ಅಜ್ಞಾನವೇ? ಎಂಬಿಬಿಎಸ್‌ನ ಅಷ್ಟೂ ವರ್ಷದಲ್ಲಿ ಮನೋವೈದ್ಯಕ್ಕೆ ಕೆಲವೇ ವಾರಗಳ ಪೋಸ್ಟಿಂಗ್ ಕೊಟ್ಟು, ಅದಕ್ಕೊಂದು ಪ್ರತ್ಯೇಕ ಪರೀಕ್ಷಾ ಪತ್ರಿಕೆಯನ್ನೂ ಇಡದವರು ಹಳ್ಳಿಯವರಲ್ಲ. ಆಸ್ಪತ್ರೆಯಲ್ಲಿ ಆ ವಿಭಾಗವನ್ನು ಮುರಿದ ಸ್ಟ್ರೆಚರುಗಳ ಪಕ್ಕಕ್ಕೆ ತಳ್ಳಿದವರು ಯಾವ ಮಂತ್ರವಾದಿಯ ಶಿಷ್ಯರು? ಸರ್ಕಾರವೇ ಈ ಕಾಯಿಲೆಯನ್ನು ಮೂಲೆಗಿಟ್ಟಿರುವಾಗ ಜನ ಮುಂಬಾಗಿಲಲ್ಲಿ ಕೂರಿಸಬೇಕೆನ್ನುವುದು ಯಾವ ನ್ಯಾಯ?

ಈಗ ಹೊಸ ಉತ್ತರ ಬಂದಿದೆ, ಫೋನು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಶುರುವಾಯಿತು. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಆಪ್ತಸಮಾಲೋಚಕರು ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮನಸ್ಸು ತೀರಾ ಕುಸಿದ ರಾತ್ರಿ ಆ ನಂಬರು ಕೆಲಸಕ್ಕೆ ಬರುತ್ತದೆ, ಓದುಗರು ಬರೆದಿಟ್ಟುಕೊಳ್ಳಿ. ನನ್ನ ತಕರಾರು ಆ ನಂಬರಿನ ಮೇಲಲ್ಲ, ಅದನ್ನು ಗುರಾಣಿ ಮಾಡಿಕೊಂಡವರ ಮೇಲೆ. ಡಾಕ್ಟರೆಲ್ಲಿ ಎಂದರೆ ಹೆಲ್ಪ್‌ಲೈನ್ ಇದೆಯಲ್ಲ ಎನ್ನುತ್ತಾರೆ. ಫೋನಿನ ಆಚೆ ಬದಿಯವರು ಕೊನೆಗೆ ಕೊಡುವ ಸಲಹೆ ಏನು? ಹತ್ತಿರದ ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ ಎಂದು. ಮತ್ತೆ ಅದೇ ಕಾರಿಡಾರು, ಅದೇ ಚಿಲಕ. ಲಿಥಿಯಂ ಗುಳಿಗೆ ಫೋನಿನ ತಂತಿಯಲ್ಲಿ ಇಳಿದು ಬರುವುದಿಲ್ಲ.

ನಗರದ ಮಧ್ಯಮ ವರ್ಗದವರು ಈ ಸಾಲಿನಿಂದ ಆಚೆ ದಾಟಿಕೊಂಡಿದ್ದಾರೆ. ಒಂದು ಭೇಟಿಗೆ ಸಾವಿರ, ಸಾವಿರದೈನೂರು ಕೊಟ್ಟು ಆಪ್ತಸಮಾಲೋಚಕರನ್ನು ಕಾಣುತ್ತಾರೆ, ಆ್ಯಪಿನಲ್ಲಿ ಸಮಯ ಗೊತ್ತು ಮಾಡಿಕೊಳ್ಳುತ್ತಾರೆ. ತಮಗೆ ಸಿಕ್ಕಿದ್ದರಿಂದ ಉಳಿದವರಿಗೆ ಬೇಕಾಗಿರುವುದು ಧೈರ್ಯ ಮಾತ್ರ ಎಂದು ನಂಬಿಬಿಟ್ಟಿದ್ದಾರೆ. ‘ಕೇಳಲು ನಾಚಿಕೆ ಬೇಡ’ ಎಂಬ ಅವರ ಘೋಷಣೆ ಕೂಲಿಯವಳ ಮುಂದೆ ಎಷ್ಟು ಕ್ರೂರವಾಗಿ ಕೇಳಿಸುತ್ತದೆ ಗೊತ್ತೇ? ಅವಳು ನಾಚದೆ ಕೇಳಿದಳು. ಕೊಡುವವರಿರಲಿಲ್ಲ.

ಕಾನೂನು ಏನು ಹೇಳುತ್ತದೆ? ಇಲ್ಲೇ ಇರುವುದು ಅಸಲಿ ಹಗರಣ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಚಿಕಿತ್ಸೆ ಪಡೆಯುವುದನ್ನು ಪ್ರತಿಯೊಬ್ಬರ ಹಕ್ಕು ಎಂದಿದೆ. ರೋಗಿ ಬಹುದೂರ ಪ್ರಯಾಣ ಮಾಡುವಂತಾಗಬಾರದು, ಸೇವೆ ಮನೆಯ ಹತ್ತಿರವೇ ಸಿಗಬೇಕು ಎಂದಿದೆ. ಜಿಲ್ಲೆಯಲ್ಲಿ ಕನಿಷ್ಠ ಸರ್ಕಾರಿ ಸೇವೆಯೂ ಇಲ್ಲದಿದ್ದರೆ ಅದೇ ಜಿಲ್ಲೆಯ ಬೇರೆ ಕಡೆ ಪಡೆದ ಚಿಕಿತ್ಸೆಯ ಖರ್ಚನ್ನು ಸರ್ಕಾರವೇ ಭರಿಸಬೇಕು ಎಂದಿದೆ. ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಔಷಧಿಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲ ಕಾಲದಲ್ಲೂ ಉಚಿತವಾಗಿ ಸಿಗಬೇಕು ಎಂದಿದೆ. ಎಲ್ಲ ಕಾಲದಲ್ಲೂ! ಹಾಗಿದ್ದಮೇಲೆ ಔಷಧಿ ಕಿಟಕಿಯಿಂದ ಬರುವ ‘ಹೊರಗಡೆ ತಗೊಳ್ಳಿ’ ಎಂಬ ಮಾತು ಕಾನೂನು ಉಲ್ಲಂಘನೆ. ಅದಕ್ಕೆ ಇವತ್ತಿನವರೆಗೆ ಯಾವ ಅಧಿಕಾರಿಯ ಸಂಬಳ ಕಡಿತವಾಗಿದೆ? ಅದೇ ಕಾಯ್ದೆಯ 31ನೇ ಕಲಂ, ಕಾಯ್ದೆ ಜಾರಿಯಾದ ಹತ್ತು ವರ್ಷದೊಳಗೆ ಜನಸಂಖ್ಯೆಗೆ ತಕ್ಕಷ್ಟು ಮಾನಸಿಕ ಆರೋಗ್ಯ ತಜ್ಞರನ್ನು ಅಂತರರಾಷ್ಟ್ರೀಯ ಮಾನದಂಡದಂತೆ ಒದಗಿಸಲು ಪ್ರಯತ್ನಿಸಬೇಕು ಎಂದು ಸರ್ಕಾರಗಳಿಗೆ ಗಡುವು ಹಾಕಿದೆ. ಕಾಯ್ದೆ ಜಾರಿಯಾದದ್ದು 2018ರಲ್ಲಿ. ಗಡುವು 2028. ಈ ಗಡುವನ್ನು ನೆನಪಿಸುವ ಒಂದೇ ಒಂದು ಫಲಕವನ್ನು ನಾನು ಯಾವ ಜಾಥಾದಲ್ಲೂ ಕಂಡಿಲ್ಲ. ಜನರಿಗೆ ಅರಿವು ಮೂಡಿಸುವವರು ಈ ಅರಿವನ್ನು ಮಾತ್ರ ಮರೆತುಬಿಡುತ್ತಾರೆ, ಪಾಪ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ಕರ್ನಾಟಕದಲ್ಲಿ ಆತ್ಮಹತ್ಯೆಯಿಂದ ಸತ್ತವರು 13,606. ಪ್ರತಿಯೊಂದರ ಹಿಂದೆಯೂ ಸಾಲ, ಜಗಳ, ಕಾಯಿಲೆ, ಒಂಟಿತನ ಹೀಗೆ ನೂರು ಕಾರಣ. ಡಾಕ್ಟರಿದ್ದಿದ್ದರೆ ಎಲ್ಲರೂ ಉಳಿಯುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಆದರೆ ಸೇತುವೆ ಕುಸಿದು ನೂರು ಜನ ಸತ್ತರೆ ತನಿಖಾ ಆಯೋಗ ನೇಮಿಸುವ ಸರ್ಕಾರ, ಇಷ್ಟು ಸಾವುಗಳಾದ ವರ್ಷದಲ್ಲಿ ಎಷ್ಟು ಮನೋವೈದ್ಯರ ಹುದ್ದೆ ಖಾಲಿ ಇತ್ತು ಎಂದಾದರೂ ಹೇಳಬಾರದೇ?

ಆಗಬೇಕಾದದ್ದು ಗುಟ್ಟಿನ ವಿದ್ಯೆಯಲ್ಲ, ಬಳ್ಳಾರಿಯಲ್ಲಿ ಮಾಡಿ ತೋರಿಸಿ ನಲವತ್ತು ವರ್ಷವಾಗುತ್ತ ಬಂತು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಪೂರ್ತಿ ಮಾನಸಿಕ ಆರೋಗ್ಯದ ಹೊರರೋಗಿ ವಿಭಾಗ ನಡೆಯಲಿ. ಮನೋವೈದ್ಯರು ಸಿಗುವವರೆಗೆ ತರಬೇತಿ ಪಡೆದ ಎಂಬಿಬಿಎಸ್ ಡಾಕ್ಟರು, ನರ್ಸು, ಆಪ್ತಸಮಾಲೋಚಕರು ಕೂರಲಿ. ಮಂಗಳವಾರದ ಮನೋವೈದ್ಯರು ಕಷ್ಟದ ರೋಗಿಗಳನ್ನಷ್ಟೇ ನೋಡಲಿ. ಹಳೆಯ ರೋಗಿಗೆ ಅದೇ ಗುಳಿಗೆಯನ್ನು ಮೂರು ತಿಂಗಳಿಗಾಗುವಷ್ಟು ಕೊಡುವ ಅಧಿಕಾರ ಅಲ್ಲಿನ ಡಾಕ್ಟರಿಗಿರಲಿ. ಗುತ್ತಿಗೆ ಹುದ್ದೆಗಳು ಕಾಯಂ ಆಗಲಿ. ಮಾನಸಿಕ ಕಾಯಿಲೆಯ ಔಷಧಿಗಳ ದಾಸ್ತಾನನ್ನು ಆಸ್ಪತ್ರೆಯ ಗೋಡೆಯ ಮೇಲೆ ದಿನಾ ಬರೆಯಲಿ, ಮುಗಿದರೆ ಹೊರಗೆ ಕೊಂಡ ಬಿಲ್ಲಿನ ಹಣವನ್ನು ಆಸ್ಪತ್ರೆಯೇ ವಾಪಸ್ ಕೊಡಲಿ. ಡಾಕ್ಟರಿಲ್ಲದೆ ಹಿಂದಿರುಗಿದವರ ಹೆಸರು ರಿಜಿಸ್ಟರಿಗೆ ಏರಲಿ, ಆ ಲೆಕ್ಕ ಪ್ರತಿ ಅಧಿವೇಶನದಲ್ಲಿ ವಿಧಾನಸಭೆಯ ಮುಂದೆ ಬರಲಿ. ಇದಕ್ಕೆಲ್ಲ ದುಡ್ಡೆಲ್ಲಿ ಎನ್ನುವವರು ಒಂದು ಕೆಲಸ ಮಾಡಲಿ: ಮುಂದಿನ ಎರಡು ವರ್ಷದ ಅರಿವಿನ ಕಾರ್ಯಕ್ರಮಗಳನ್ನು ರದ್ದು ಮಾಡಿ, ಆ ಹಣದಲ್ಲಿ ಗುಳಿಗೆ ಕೊಳ್ಳಲಿ. ಗುಳಿಗೆ ಸಿಗುತ್ತದೆ ಎಂಬ ಸುದ್ದಿಯನ್ನು ಜನ ತಾವೇ ಹಬ್ಬಿಸಿಕೊಳ್ಳುತ್ತಾರೆ.

ಓದುಗರಿಗೂ ಒಂದು ಕೆಲಸವಿದೆ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ, ಉತ್ತರ ಕೊಡಲು ಅವರಿಗೆ 30 ದಿನ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮೂರೇ ಪ್ರಶ್ನೆ ಬರೆಯಿರಿ. ಕಳೆದ ಒಂದು ವರ್ಷದಲ್ಲಿ ಮನೋವೈದ್ಯರು ಎಷ್ಟು ದಿನ ಬಂದರು? ಯಾವ ಯಾವ ಮಾನಸಿಕ ಕಾಯಿಲೆಯ ಔಷಧಿ ಎಷ್ಟು ದಿನ ದಾಸ್ತಾನಿರಲಿಲ್ಲ? 18ನೇ ಕಲಂ ಪ್ರಕಾರ ಎಷ್ಟು ರೋಗಿಗಳಿಗೆ ಖರ್ಚು ವಾಪಸ್ ಕೊಟ್ಟಿದ್ದೀರಿ? ಬಂದ ಉತ್ತರದ ಒಂದು ಪ್ರತಿಯನ್ನು ನಿಮ್ಮ ಶಾಸಕರ ಮನೆಗೆ ಕೊಂಡೊಯ್ದು ಕೊಟ್ಟು, ಇನ್ನೊಂದನ್ನು ಪತ್ರಿಕೆಗೆ ಕಳಿಸಿ.